ಎಣ್ಣೆ ಸೋಸುವ ಡಬ್ಬಿ

ಹೋದ ಸಂಚಿಕೆಯಲ್ಲಿ ಹಿತ್ತಾಳೆಯ ಪಾತ್ರೆಗಳ ಕಲಾಯಿಯನ್ನು ಕುರಿತು ಬರೆದುದನ್ನು ಓದಿ ವಾಚಕರೊಬ್ಬರು, ಊರಿನಲ್ಲಿ ಬಿಟ್ಟು ಬಂದ ವಸ್ತುಗಳ ಮಾತನ್ನೇ ಇನ್ನಷ್ಟು ಬರೆಯಿರೆಂದು ಕೇಳಿದ್ದಾರೆ. ಹಾಗಾದರೆ ಈ ಸಲ ಟ್ರ್ಯಾಕ್ಟರಿನ ಆಯಿಲ್ ಫಿಲ್ಟರು. ನಗಬೇಡಿರಿ. ಈ ಡಬ್ಬಿಯ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ಮುಂಗಾರು ಕೆಟ್ಟಿತು. ಕಾರಣರಾದವರು ದಿಲ್ಲಿಯಲ್ಲಿ ಕುಳಿತ ನಾವೇ.

ಹಾವೇರಿಯ ಹತ್ತಿರ ನಮ್ಮದೊಂದಿಷ್ಟು ಎರೆಭೂಮಿಯುಂಟು. ತಮ್ಮ ಸಾಗುವಳಿ ಮಾಡುತ್ತಾನೆ. ಅಲ್ಲಿ ೧೯೮೧ರಲ್ಲಿ ತಂದೆಯವರು ಕೊಂಡ ಹಳೆಯ ಬಿ-೨೭೫ ಟ್ರ್ಯಾಕ್ಟರು ಇನ್ನೂ ಓಡುತ್ತಿದೆ. ಮುಂಬಯಿಯ ವಾಚಕರಿಗೆ ಇದರ ಪರಿಚಯವಿದ್ದೀತು. ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಮೂರೂ ಕೂಡಿ ೧೯೬೩ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕಂಪನಿಯ ಮಾಲು ಇದು. (ಮದ್ರಾಸಿನವರು ತಮ್ಮ ಮ್ಯಾಸಿ ಫರ್ಗ್ಯುಸನ್ನನ್ನು ಬಿಟ್ಟುಕೊಡಲಾರರು, ೧೯೫೯ರಲ್ಲಿ ಫರೀದಾಬಾದಿನಿಂದ ಹೊರಬಂದ ಐಷರನ್ನು ನಾವೂ ಬಿಟ್ಟುಕೊಡೆವು.)

೨೦೧೪ರ ಬೇಸಿಗೆಯಲ್ಲಿ ತಮ್ಮನ ಫೋನು ಬಂದಿತು. "ಅಣ್ಣಾ, ಫಿಲ್ಟರ್ ಇಲ್ಲಿ ಸಿಗವಲ್ದು. ದಿಲ್ಲ್ಯಾಗ ನೋಡ್ತೀಯೇನು?" ಊರು ಬಿಟ್ಟವರಿಗೆ ಊರಿನ ಕೆಲಸವೊಂದು ಸಿಕ್ಕರೆ ಎಷ್ಟು ಹಿಗ್ಗು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಮರುದಿನವೇ ಕಾಶ್ಮೀರಿ ಗೇಟಿಗೆ ಹೋದೆವು. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದರ ಮೇಲೆ ಕಂಪನಿಯ ಹೆಸರಿತ್ತು, ಇನ್ನೊಂದರ ಮೇಲೆ ಏನೂ ಇರಲಿಲ್ಲ, ಬೆಲೆಯೂ ಅರ್ಧ. "ಎರಡೂ ಒಂದೇ" ಎಂದ. ಒಂದರ ದುಡ್ಡಿಗೆ ಎರಡು ಬರುವುದಾದರೆ ಬೇಡವೆನ್ನುವಷ್ಟು ಬುದ್ಧಿ ನಮಗಿರಲಿಲ್ಲ. ನಾಲ್ಕು ಕೊಂಡು, ಊರಿಗೆ ಹೊರಟಿದ್ದ ಸಂಘದ ಸದಸ್ಯರೊಬ್ಬರ ಕೈಯಲ್ಲಿ ಚಕ್ಕುಲಿ ಡಬ್ಬಿಯಂತೆ ಜೋಪಾನವಾಗಿ ಕಳುಹಿಸಿದೆವು.

ಈ ಡಬ್ಬಿ ಮಾಡುವ ಕೆಲಸವಾದರೂ ಏನು? ಇಂಜಿನ್ನಿನ ತಳದ ಚೇಂಬರಿನಲ್ಲಿರುವ ಎಣ್ಣೆಯನ್ನು ಪಂಪು ಎತ್ತಿ, ಕ್ರ್ಯಾಂಕು ತಿರುಗುವ ಬೇರಿಂಗುಗಳಿಗೆ ಒತ್ತಿ ಕಳಿಸುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವುದು ಕೂದಲೆಳೆಯಷ್ಟು ಎಣ್ಣೆಯ ಪದರ. ಹೊಲದ ಧೂಳು, ಡೀಸೆಲ್ಲಿನ ಮಸಿ, ಸವೆದ ಲೋಹದ ಪುಡಿ ಎಲ್ಲವೂ ಆ ಎಣ್ಣೆಗೇ ಸೇರುತ್ತವೆ. (ಡೀಸೆಲ್ ಇಂಜಿನ್ನಿನ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ. ಬಣ್ಣ ನೋಡಿ ಗಾಬರಿಯಾಗಬೇಕಿಲ್ಲ. ಬೆರಳಿಗೆ ಮರಳಿನಂತೆ ತಾಗಿದರೆ ಗಾಬರಿಯಾಗಬೇಕು.)

ಮೊದಲ ಕಾಲದ ಟ್ರ್ಯಾಕ್ಟರುಗಳಿಗೆ ಈ ಸೋಸಣಿಗೆಯೇ ಇರಲಿಲ್ಲ. ೧೯೧೭ರಲ್ಲಿ ಬಂದ ಫೋರ್ಡ್‌ಸನ್ನಿನಲ್ಲಿ ಎಣ್ಣೆಯನ್ನು ಎರಚಿ ಒಳಭಾಗಗಳನ್ನು ತೋಯಿಸುವುದಷ್ಟೇ ಏರ್ಪಾಡು. ೧೯೨೩ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬವರು ಎಣ್ಣೆ ಸೋಸುವ ಸಾಧನವನ್ನು ಮಾಡಿ 'ಪ್ಯುರೊಲೇಟರ್' ಎಂದು ಹೆಸರಿಟ್ಟರು. ಆಮೇಲೆ ಇಂಥ ಡಬ್ಬಿಗಳನ್ನು ಹೊರಗಿನ ಕಂಪನಿಗಳು ಮಾಡಿ, ಫಿಲ್ಟರಿಲ್ಲದ ಹಳೆಯ ಇಂಜಿನ್ನುಗಳಿಗೂ ಕೊಳವೆ ಹಾಕಿ ಜೋಡಿಸುವಂತೆ ಮಾರತೊಡಗಿದವು. ಅಂದಮೇಲೆ ಹೊರಗಿನ ಮಾಲೆಲ್ಲ ಕಳಪೆಯೆನ್ನುವುದು ತಪ್ಪು. ಅಮೆರಿಕದಲ್ಲಿ 'ಫ್ರಾಂಟ್ಜ್' ಎಂಬ ಹೆಸರಿನ ಡಬ್ಬಿಯೊಂದು ಬಹಳ ಓಡಿತು. ಅದರೊಳಗೆ ಸೋಸಲು ಇಡುತ್ತಿದ್ದುದು ಪಾಯಿಖಾನೆಯ ಕಾಗದದ ಸುರುಳಿ! ಅದು ಸೋಸುತ್ತಲೂ ಇತ್ತು.

ಹೀಗೆ ಸೇರಿಸಿದ ಹಳೆಯ ಡಬ್ಬಿಗಳು ಸಾಮಾನ್ಯವಾಗಿ ಎಣ್ಣೆಯ ಒಂದು ಸಣ್ಣ ಪಾಲನ್ನು ಮಾತ್ರ ಸೋಸಿ ಚೇಂಬರಿಗೆ ಹಿಂದಿರುಗಿಸುತ್ತಿದ್ದವು. ಉಳಿದದ್ದು ನೇರವಾಗಿ ಬೇರಿಂಗಿಗೆ. ೧೯೩೯ರ ಫೋರ್ಡ್ ೯ಎನ್ ಟ್ರ್ಯಾಕ್ಟರಿನ ಫಿಲ್ಟರೂ ಇದೇ ಬಗೆಯದು. ಇದರಲ್ಲಿ ಡಬ್ಬಿ ಕಟ್ಟಿಕೊಂಡರೂ ಇಂಜಿನ್ನು ಎಣ್ಣೆಯಿಲ್ಲದೆ ಸಾಯುವುದಿಲ್ಲ. ಆಮೇಲೆ ಬಂದ ಬಗೆಯಲ್ಲಿ ಎಣ್ಣೆಯೆಲ್ಲವೂ ಮಡಿಕೆ ಮಡಿಕೆಯಾದ ಕಾಗದದ ಮೂಲಕವೇ ಹಾಯ್ದು ಬೇರಿಂಗಿಗೆ ಹೋಗಬೇಕು. ನಮ್ಮ ಟ್ರ್ಯಾಕ್ಟರಿನದು ಈ ಬಗೆ. ಇದರಲ್ಲಿ ಕಾಗದ ಕಿತ್ತುಬಂದರೆ ಅದು ಹೋಗಿ ಸೇರುವುದು ಬೇರಿಂಗಿನ ದಾರಿಗೇ.

ನಾವು ಕಳಿಸಿದ ಡಬ್ಬಿಗಳಲ್ಲಿ ಆದದ್ದೂ ಅದೇ. ೨೦೧೫ರಲ್ಲಿ ಮೃಗಶಿರಾ ಮಳೆ ಬಿದ್ದು, ಗೋವಿನಜೋಳ ಬಿತ್ತಬೇಕೆಂದು ಹೊಲ ಹದಕ್ಕೆ ಬಂದಿದ್ದ ದಿನ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿದು, ಇಂಜಿನ್ನು ಕಟಕಟನೆ ಸದ್ದು ಮಾಡಿ ನಿಂತಿತಂತೆ. ಬಿಚ್ಚಿ ನೋಡಿದರೆ ಬೇರಿಂಗುಗಳ ಮೇಲೆ ಗೀರು, ಕ್ರ್ಯಾಂಕಿನ ಮೇಲೂ ಗೀರು. ಫಿಲ್ಟರಿನ ನಡುವಿನ ತೂತು ಬೋಲ್ಟಿಗಿಂತ ದೊಡ್ಡದಾಗಿ ಸಡಿಲವಾಗಿತ್ತು. ಎಣ್ಣೆ ವರ್ಷವಿಡೀ ಕಾಗದವನ್ನು ಬಳಸಿಕೊಂಡು ಪಕ್ಕದಿಂದಲೇ ನುಸುಳಿತ್ತು. ಸಾಲದೆಂಬಂತೆ ಅಂಟು ಬಿಟ್ಟ ಕಾಗದದ ಚೂರುಗಳು ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಂಡಿದ್ದವು. ಕ್ರ್ಯಾಂಕನ್ನು ಹುಬ್ಬಳ್ಳಿಗೆ ಒಯ್ದು ಸಾಣೆ ಹಿಡಿಸಿ ತರುವಷ್ಟರಲ್ಲಿ ಹದ ಹೋಯಿತು. ಬಾಡಿಗೆಯ ಟ್ರ್ಯಾಕ್ಟರು ಸರತಿಯ ಮೇಲೆ ಬಂದು ಅರ್ಧ ಹೊಲ ಬಿತ್ತಿತು. ಉಳಿದರ್ಧ ಆ ವರ್ಷ ಹಾಗೆಯೇ ಉಳಿಯಿತು.

ಇದರಲ್ಲಿ ಒಂದು ಮಾತನ್ನೂ ತಮ್ಮ ನಮಗೆ ತಿಳಿಸಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ನೆಗೆಣ್ಣಿಯರಿಬ್ಬರೂ ಅಡಿಗೆಮನೆಯಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿದ್ದಿತು. "ಭಾವನೋರಿಗೆ ಹೇಳಬ್ಯಾಡ ಅಂದಾರ್ರೀ ಅಕ್ಕಾ, ಮನಸ್ಸಿಗೆ ಹಚ್ಚಿಕೋತಾರಂತ." ನಾವು ಪಡಸಾಲೆಯಲ್ಲಿ ಕರ್ಜಿಕಾಯಿ ತಿನ್ನುತ್ತಿದ್ದವರು ಕೈಯಲ್ಲಿ ಹಿಡಿದುಕೊಂಡೇ ಕುಳಿತೆವು. ಸಂಜೆ ಖರ್ಚಿನ ಹಣ ಕೊಡಹೋದರೆ ತಮ್ಮ ಮುಟ್ಟಲಿಲ್ಲ. "ಬಿಡಣ್ಣಾ, ಹಳೇ ಗಾಡಿ. ಒಂದಲ್ಲಾ ಒಂದು ಇರತೈತಿ" ಎಂದು ದನಗಳಿಗೆ ಮೇವು ಹಾಕಲು ಎದ್ದುಹೋದ.

ಆ ಸಲ ಬರುವಾಗ ಸವೆಯದ ಒಳ್ಳೆಯ ಫಿಲ್ಟರೊಂದನ್ನು ಮಾದರಿಗೆಂದು ಚೀಲದಲ್ಲಿ ಹಾಕಿಕೊಂಡು ಬಂದೆವು. ಈಗ ಅಂಗಡಿಯಲ್ಲಿ ಅದನ್ನು ಪಕ್ಕಕ್ಕಿಟ್ಟು ಎತ್ತರ ನೋಡುತ್ತೇವೆ, ತೂತಿಗೆ ಅದೇ ಅಳತೆಯ ಬೋಲ್ಟು ತೂರಿಸಿ ಅಲ್ಲಾಡಿಸುತ್ತೇವೆ, ಕಾಗದ ತಗಡಿಗೆ ಅಂಟಿದ ಅಂಚನ್ನು ಉಗುರಿನಿಂದ ಒತ್ತಿ ನೋಡುತ್ತೇವೆ. ಅಂಗಡಿಯವನಿಗೆ ಬೇಸರವಾಗುತ್ತದೆ, ಆಗಲಿ. ಹೊಸ ರಬ್ಬರ್ ವಾಷರು ಜೊತೆಗಿರಲೇಬೇಕು. ಹಾಕುವಾಗ ಕಾಲುವೆಯಲ್ಲಿ ಅಂಟಿಕೊಂಡ ಹಳೆಯ ವಾಷರನ್ನು ಕೆದರಿ ತೆಗೆಯದೆ, ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಎಣ್ಣೆ ಸೋರಿ ಹೋದೀತು. ಊರಿನಲ್ಲಿ ಹಳೆಯ ಟ್ರ್ಯಾಕ್ಟರಿರುವ ವಾಚಕರು ಇದನ್ನು ಫೋನಿನಲ್ಲಿ ಒಮ್ಮೆ ಹೇಳಿಬಿಡಿರಿ.

ವರ್ಷಕ್ಕೆರಡು ಡಬ್ಬಿಯಂತೆ ಕಳುಹಿಸುತ್ತ ಬಂದಿದ್ದೇವೆ. ಅಟ್ಟದ ಮೇಲೆ ಈಗ ಏಳು ಹಾಗೆಯೇ ಕುಳಿತಿವೆಯಂತೆ. ಬೇಡವೆಂದು ತಮ್ಮ ಹೇಳಿಲ್ಲ. ಕಳಿಸುವುದನ್ನು ನಾವೂ ನಿಲ್ಲಿಸಿಲ್ಲ.