ಅಮೆರಿಕದ ಸುದ್ದಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಲಕ್ಕಲಕಟ್ಟಿಯಂತಹ ಊರಿಗೂ ಅಮೆರಿಕದ ಸುದ್ದಿಗೂ ಏನು ಸಂಬಂಧ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಆದರೆ ಇಶಾ ನಮಾಝಿನ ನಂತರ ಮಸೀದಿಯ ಕಟ್ಟೆಯ ಮೇಲೆ ಕುಳಿತ ಯುವಕರ ಮೊಬೈಲಿಗೆ ಗಜೇಂದ್ರಗಡದ ಸುದ್ದಿಗಿಂತ ಮೊದಲು ನ್ಯೂಯಾರ್ಕಿನ ಸುದ್ದಿ ಬಂದು ಮುಟ್ಟುವ ಕಾಲವಿದು. ಅದನ್ನು ಓದುವವರಲ್ಲಿ ಎರಡು ಬಗೆಯ ಮನೋಭಾವಗಳನ್ನು ನಾವು ಕಾಣುತ್ತೇವೆ. ಕೆಲವರಿಗೆ ಅಮೆರಿಕವೆಂದರೆ ಸಕಲ ಕೇಡುಗಳ ತವರು. ಇನ್ನು ಕೆಲವರಿಗೆ ಅದು ವೀಸಾ ದೊರೆತರೆ ಸಾಕು, ಬದುಕೇ ಹಸನಾಗುವ ಸ್ವರ್ಗ. ಒಬ್ಬನೇ ಯುವಕ ಬೆಳಿಗ್ಗೆ ಮೊದಲನೆಯದನ್ನೂ ಸಂಜೆ ಎರಡನೆಯದನ್ನೂ ನಂಬುವುದುಂಟು.

ಸತ್ಯವಿಶ್ವಾಸಿಗೆ ಇವೆರಡೂ ಸಲ್ಲದ ಮಾರ್ಗಗಳು. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿದರೆ ಅರಿಯದೆ ಜನರಿಗೆ ಹಾನಿಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಎಚ್ಚರಿಸುತ್ತದೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬುದು ಅಲ್ ಮಾಇದ ಅಧ್ಯಾಯದ ಬೋಧನೆ. ಪರಿಶೀಲನೆ ಮತ್ತು ನ್ಯಾಯ ಎಂಬ ಈ ಎರಡು ಅಳತೆಗಳಿಂದ ಅಮೆರಿಕದ ಸುದ್ದಿಯನ್ನು ಓದಿದರೆ ಏನು ಕಾಣುತ್ತದೆ ಎಂಬುದನ್ನು ನಮ್ಮ ಹೊಲದಿಂದಲೇ ಆರಂಭಿಸಿ ನೋಡೋಣ.

ನಮ್ಮ ಸೀಮೆಗೂ ಅಮೆರಿಕಕ್ಕೂ ಇರುವ ನಂಟು ಮೊಬೈಲಿಗಿಂತ ಬಹಳ ಹಳೆಯದು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತಿ ಬೇಸಾಯ ಬಲ್ಲವರನ್ನು ಕರೆಸಿ, ಅಲ್ಲಿನ ತಳಿಗಳ ಬೀಜವನ್ನು ಭಾರತದ ಹಲವೆಡೆ ಬಿತ್ತಿಸಿತು. ಅನೇಕ ಕಡೆ ಕೈಕೊಟ್ಟ ಆ ಬೀಜವು ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಬೇರೂರಿತು. ಇಂದಿನ ಗದಗ ಜಿಲ್ಲೆಯು 1997ರವರೆಗೆ ಆ ಜಿಲ್ಲೆಯ ಭಾಗವೇ ಆಗಿತ್ತು. ಆ ಅರಳೆಗೆ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರೇ ನಿಂತಿತು.

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆಯು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಅರಳೆಯ ಪೂರೈಕೆ ನಿಂತಿತು. ವರ್ತಕರ ಕಣ್ಣು ನಮ್ಮತ್ತ ಹೊರಳಿತು. ಮುಂಬೈ ಪೇಟೆಯಲ್ಲಿ ಹತ್ತಿಯ ಬೆಲೆ ಕಂಡರಿಯದಷ್ಟು ಏರಿತು. ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂಬ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಕುಸಿಯಿತು. ಯಾರದೋ ಯುದ್ಧದಿಂದ ಬಂದ ಸಿರಿ ಯಾರದೋ ಶಾಂತಿಯಿಂದ ಹೋಯಿತು. ಏರಿದ್ದೇಕೆ, ಇಳಿದದ್ದೇಕೆ ಎಂಬುದು ಅಂದು ಎಷ್ಟು ಒಕ್ಕಲಿಗರಿಗೆ ತಿಳಿದಿದ್ದೀತು?

ಆ ಯುದ್ಧದ ಕೇಂದ್ರದಲ್ಲಿದ್ದುದು ಗುಲಾಮಗಿರಿಯ ಪ್ರಶ್ನೆ. 1860ರ ಜನಗಣತಿಯಂತೆ ಅಲ್ಲಿ ಸುಮಾರು 40 ಲಕ್ಷ ಮನುಷ್ಯರು ಮತ್ತೊಬ್ಬರ ಸ್ವತ್ತಾಗಿದ್ದರು. ಆಫ್ರಿಕದಿಂದ ಸೆರೆಯಾಗಿ ಬಂದವರಲ್ಲಿ ಮುಸ್ಲಿಮರೂ ಇದ್ದರು. ಪಶ್ಚಿಮ ಆಫ್ರಿಕದ ವಿದ್ವಾಂಸ ಉಮರ್ ಇಬ್ನ್ ಸಯೀದ್ ಅವರನ್ನು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಇಳಿಸಲಾಯಿತು. 1831ರಲ್ಲಿ ಅವರು ಅರಬಿಯಲ್ಲಿ ತಮ್ಮ ಜೀವನಚರಿತ್ರೆಯನ್ನು ಬರೆದರು; ಅದಕ್ಕೆ ಮುನ್ನುಡಿಯಾಗಿ ಅಲ್ ಮುಲ್ಕ್ ಅಧ್ಯಾಯವನ್ನು ನೆನಪಿನಿಂದ ಬರೆದಿಟ್ಟರು. ಒಡೆತನವೆಲ್ಲ ಅಲ್ಲಾಹನದೇ ಎಂದು ಸಾರುವ ಅಧ್ಯಾಯವದು. ಮನುಷ್ಯನೊಬ್ಬನು ತನ್ನ ಒಡೆಯನೆನಿಸಿಕೊಂಡಿದ್ದ ನಾಡಿನಲ್ಲಿ ಉಮರ್ ಅವರು ಅದನ್ನೇ ಆರಿಸಿಕೊಂಡದ್ದು ಚಿಂತನಾರ್ಹ. ಬಿಡುಗಡೆಯನ್ನು ಕಾಣದೆ ಅವರು 1864ರಲ್ಲಿ ನಿಧನರಾದರು. ಗುಲಾಮಗಿರಿಯನ್ನು ದೇಶವ್ಯಾಪಿಯಾಗಿ ನಿಷೇಧಿಸಿದ ಸಂವಿಧಾನ ತಿದ್ದುಪಡಿ ಜಾರಿಗೆ ಬಂದುದು 1865ರ ಡಿಸೆಂಬರಿನಲ್ಲಿ. ಅವರ ಹಸ್ತಪ್ರತಿ ಇಂದು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿದೆ.

ಅದೇ ಯುದ್ಧಕಾಲದ ಮತ್ತೊಂದು ಸಂಗತಿ ನಮ್ಮ ಖುತ್ಬಾಗಳಲ್ಲಿ ಕೇಳಿಬರಬೇಕಾದದ್ದು. ಅರಳೆಯಿಲ್ಲದೆ ಗಿರಣಿಗಳು ಮುಚ್ಚಿ ಕಾರ್ಮಿಕರು ಹಸಿದಿದ್ದಾಗ, 1862ರ ಕೊನೆಯ ದಿನ ಮ್ಯಾಂಚೆಸ್ಟರ್‌ನಲ್ಲಿ ಸಭೆ ಸೇರಿದ ದುಡಿಯುವ ಜನರು ಗುಲಾಮಗಿರಿಯ ವಿರುದ್ಧ ನಿಂತು ಅಧ್ಯಕ್ಷ ಲಿಂಕನ್‌ಗೆ ಬೆಂಬಲ ಸೂಚಿಸಿ ಪತ್ರ ಬರೆದರು. ದಿಗ್ಬಂಧನ ತೆರವಾಗಿದ್ದರೆ ಅವರಿಗೆ ಅನ್ನ ದೊರೆಯುತ್ತಿತ್ತು. ಆದರೂ ಅನ್ಯಾಯದ ಪಕ್ಷ ವಹಿಸಲು ಅವರು ಒಪ್ಪಲಿಲ್ಲ. ಸ್ವಂತಕ್ಕೆ ನಷ್ಟವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂಬ ಅನ್ನಿಸಾ ಅಧ್ಯಾಯದ ಆದೇಶವನ್ನು, ಆ ಗ್ರಂಥವನ್ನು ಓದದ ಬಡವರು ಬಾಳಿ ತೋರಿಸಿದರು.

ಈಗ ವರ್ತಮಾನಕ್ಕೆ ಬರೋಣ. 2025ರ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಅವರು ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದರು. ಅದೇ ತಿಂಗಳು ಕೇಂದ್ರ ಸರ್ಕಾರವು, ಜವಳಿ ಉದ್ಯಮಕ್ಕೆ ಅನುಕೂಲವಾಗಲೆಂದು, ವಿದೇಶದಿಂದ ಬರುವ ಹತ್ತಿಯ ಮೇಲಿನ ಶೇಕಡಾ 11ರ ಆಮದು ಸುಂಕವನ್ನು ಮೊದಲು ಸೆಪ್ಟೆಂಬರ್ 30ರವರೆಗೆ, ಬಳಿಕ ಡಿಸೆಂಬರ್ 31ರವರೆಗೆ ಮನ್ನಾ ಮಾಡಿತು. ನಮ್ಮ ರೈತರು ಹತ್ತಿ ಬಿಡಿಸಿ ಪೇಟೆಗೆ ಒಯ್ಯುವುದು ಇವೇ ತಿಂಗಳುಗಳಲ್ಲಿ. ಅಮೆರಿಕದ ಹತ್ತಿ ಬೆಳೆಗಾರನ ಬೆನ್ನಿಗೆ ಅಲ್ಲಿನ ಸರ್ಕಾರದ ಸಹಾಯಧನವಿದೆ. ಅದನ್ನು ಪ್ರಶ್ನಿಸಿ 2002ರಲ್ಲಿ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಮೊಕದ್ದಮೆ ಹೂಡಿ ಗೆದ್ದಿತ್ತು. ಅಂತಹ ಹತ್ತಿಯೊಡನೆ ಮಳೆಯನ್ನೇ ನಂಬಿದ ನಮ್ಮ ರೈತನ ಹತ್ತಿಯನ್ನು ಸ್ಪರ್ಧೆಗೆ ನಿಲ್ಲಿಸುವುದು ಸರಿಯೇ ಎಂದು ರೈತ ಸಂಘಟನೆಗಳು ಪ್ರಶ್ನಿಸಿದವು. ಅಮೆರಿಕದ ಸುದ್ದಿಗಳಲ್ಲಿ ನಮ್ಮ ಹೊಲಕ್ಕೆ ನೇರವಾಗಿ ತಾಗಿದ ಸುದ್ದಿ ಇದು. ಆದರೆ ನಮ್ಮ ಕಟ್ಟೆಗಳಲ್ಲಿ ಚರ್ಚೆಯಾದುದು ಬೇರೆ.

2025ರ ನವೆಂಬರ್ 4ರಂದು ಝೊಹ್ರಾನ್ ಮಮ್ದಾನಿ ನ್ಯೂಯಾರ್ಕ್ ನಗರದ ಮೇಯರ್ ಆಗಿ ಆಯ್ಕೆಯಾದರು. 2026ರ ಜನವರಿ 1ರಂದು ಕುರ್‌ಆನ್ ಮೇಲೆ ಕೈಯಿಟ್ಟು ಪ್ರಮಾಣವಚನ ಸ್ವೀಕರಿಸಿದರು. ಇದು ಇಸ್ಲಾಮಿನ ದಿಗ್ವಿಜಯವೆಂದು ನಮ್ಮವರು ಕೆಲವರು ಸಂಭ್ರಮಿಸಿದರೆ, ಅಮೆರಿಕವೇ ಕೈತಪ್ಪಿತೆಂದು ಇತರರು ಕೆಲವರು ಗಾಬರಿಗೊಂಡರು. ಅವರು ಮತ ಕೇಳಿದ್ದು ಮನೆಬಾಡಿಗೆ, ಬಸ್ಸಿನ ದರ ಮತ್ತು ಮಕ್ಕಳ ಪಾಲನೆಯ ವೆಚ್ಚದ ಹೆಸರಿನಲ್ಲಿ. ಮತ ನೀಡಿದವರಲ್ಲಿ ಕ್ರೈಸ್ತರು, ಯಹೂದಿಗಳು, ಹಿಂದೂಗಳು, ಧರ್ಮವನ್ನೇ ನಂಬದವರು ಎಲ್ಲರೂ ಇದ್ದರು. ಬಾಡಿಗೆ ಕಟ್ಟಲಾಗದ ಜನರ ಸಂಕಟವನ್ನು ಬದಿಗಿಟ್ಟು ಆ ಗೆಲುವಿಗೆ ಹಸಿರು ಬಣ್ಣ ಬಳಿಯುವುದು ಪರಿಶೀಲನೆಯಿಲ್ಲದ ಓದು.

ಗಾಝಾದ ವಿಷಯದಲ್ಲಿಯೂ ಅಮೆರಿಕಕ್ಕೆ ಒಂದೇ ಮುಖವಿಲ್ಲ. ಇಸ್ರೇಲಿಗೆ ಶಸ್ತ್ರಾಸ್ತ್ರ ಒದಗಿಸಿದ್ದು ಅಮೆರಿಕದ ಸರ್ಕಾರ. 2024ರಲ್ಲಿ ಅದನ್ನು ಖಂಡಿಸಿ ವಿಶ್ವವಿದ್ಯಾನಿಲಯಗಳ ಅಂಗಳದಲ್ಲಿ ಗುಡಾರ ಹಾಕಿ ಕುಳಿತವರೂ ಅಮೆರಿಕದ ವಿದ್ಯಾರ್ಥಿಗಳೇ, ಅವರಲ್ಲಿ ಯಹೂದಿ ಯುವಜನರೂ ಇದ್ದರು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಹ್ಮೂದ್ ಖಲೀಲ್ ಅವರನ್ನು 2025ರ ಮಾರ್ಚ್‌ನಲ್ಲಿ ಬಂಧಿಸಿದ್ದು ಅಲ್ಲಿನ ಆಡಳಿತ; ಜೂನ್‌ನಲ್ಲಿ ಅವರ ಬಿಡುಗಡೆಗೆ ಆದೇಶಿಸಿದ್ದು ಅಲ್ಲಿನದೇ ನ್ಯಾಯಾಲಯ. ದಬ್ಬಾಳಿಕೆಯನ್ನು ಖಂಡಿಸುವ ಭರದಲ್ಲಿ ದಬ್ಬಾಳಿಕೆಯನ್ನು ಎದುರಿಸಿದವರನ್ನೂ ಶಪಿಸುವುದು ಸತ್ಯವಿಶ್ವಾಸಿಗೆ ತಕ್ಕುದಲ್ಲ.

ಇನ್ನು ಉಳಿದಿರುವುದು ನಮ್ಮದೇ ತಕ್ಕಡಿಯ ಪ್ರಶ್ನೆ. ತಾವು ಪಡೆಯುವಾಗ ತುಂಬಿ ಅಳೆದು, ಕೊಡುವಾಗ ಕಡಿಮೆ ತೂಗುವವರಿಗೆ ವಿನಾಶವಿದೆಯೆಂದು ಅಲ್ ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸುತ್ತದೆ. ಹತ್ತಿಪೇಟೆಯಲ್ಲಿ ತೂಕದ ಮೋಸ ಕಂಡವರಿಗೆ ಅದರ ಕಹಿಯನ್ನು ವಿವರಿಸಬೇಕಾಗಿಲ್ಲ. ಸುದ್ದಿಗೂ ಅದೇ ನಿಯಮ ಅನ್ವಯಿಸುತ್ತದೆ. ನ್ಯೂಯಾರ್ಕಿನ ಮುಸ್ಲಿಮ್ ಮೇಯರನನ್ನು ಕಂಡು ಹಿಗ್ಗುವ ನಾವು, ಪಾಕಿಸ್ತಾನದ ಸಂವಿಧಾನವು ಮುಸ್ಲಿಮೇತರನೊಬ್ಬನು ರಾಷ್ಟ್ರಾಧ್ಯಕ್ಷನಾಗುವುದನ್ನು ತಡೆದಿರುವುದರ ಕುರಿತು ಏನು ಹೇಳುತ್ತೇವೆ? ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು 2023ರಲ್ಲಿ ಮಿಶಿಗನ್‌ನಿಂದ ಅಮೆರಿಕದ ಸಂಸತ್ತನ್ನು ಪ್ರವೇಶಿಸಿದ್ದನ್ನು ಕನ್ನಡ ನಾಡಿನ ಹೆಮ್ಮೆಯೆಂದು ಬಗೆಯುವ ನಮ್ಮ ಹಿಂದೂ ಸಹೋದರರು, ತಲೆತಲಾಂತರದಿಂದ ಇದೇ ಮಣ್ಣನ್ನು ಉತ್ತ ನೆರೆಮನೆಯವನನ್ನು ಹೊರಗಿನವನೆಂದು ಕರೆಯುವ ಮಾತು ಕಿವಿಗೆ ಬಿದ್ದಾಗ ಏನು ಹೇಳುತ್ತಾರೆ? ಅಲ್ಲಿ ವಲಸೆ ಬಂದವನಿಗೂ ಸಲ್ಲಬೇಕೆಂದು ನಾವು ಬಯಸುವ ಗೌರವ ಇಲ್ಲಿ ಹುಟ್ಟಿದವನಿಗೆ ಸಲ್ಲಬೇಡವೇ? ಪ್ರಶ್ನೆಗಳು ಎರಡಾದರೂ ತಕ್ಕಡಿ ಒಂದೇ.

ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕೆಂಬುದು ಪ್ರವಾದಿ ಮುಹಮ್ಮದ್(ಸ)ರ ಎಚ್ಚರಿಕೆಯ ಸಾರ. ಬಂದ ವೀಡಿಯೊವನ್ನು ಮುಂದಕ್ಕೆ ಕಳಿಸುವ ಬೆರಳಿಗೂ ಆ ಎಚ್ಚರಿಕೆ ಸಲ್ಲುತ್ತದೆ. ಅಮೆರಿಕದ ಸುದ್ದಿ ಬಂದಾಗ ನಮ್ಮ ಯುವಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದನ್ನು ಹೇಳಿದವರು ಯಾರು? ಇದರಲ್ಲಿ ಅನ್ಯಾಯಕ್ಕೊಳಗಾದವರು ಯಾರು? ಇದು ನಮ್ಮ ಊರಿನ ಬಡವನ ಬುತ್ತಿಗೆ ಎಲ್ಲಿ ತಾಗುತ್ತದೆ? ಉತ್ತರ ದೊರೆತ ಮೇಲೆ ಮೆಚ್ಚಲಿ ಅಥವಾ ಖಂಡಿಸಲಿ. ದೂರದ ನಾಡನ್ನು ನ್ಯಾಯವಾಗಿ ತೂಗಲು ಕಲಿತವನು ಪಕ್ಕದ ಮನೆಯವನನ್ನೂ ನ್ಯಾಯವಾಗಿ ತೂಗುತ್ತಾನೆ. ಅಲ್ಲಾಹನು ನಮ್ಮ ತಕ್ಕಡಿಗಳನ್ನು ನೇರವಾಗಿಡಲಿ. ಆಮೀನ್.