ಯಾಣದ ಕಲ್ಲು, ಅಘನಾಶಿನಿಯ ನೀರು

ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದ್ದು ದುರ್ಗಮ ಕಾಡುದಾರಿಯ ಕಾಲದಲ್ಲಿ. ಇಂದು ವಾಹನಗಳು ಶಿಖರಗಳ ಸಮೀಪದವರೆಗೂ ಹೋಗುತ್ತವೆ. ಬಂದವರೆಲ್ಲ ಕಲ್ಲನ್ನು ಕಂಡು ಬೆರಗಾಗುತ್ತಾರೆ. ಆ ಕಲ್ಲಿಗೂ ನೀರಿಗೂ ಇರುವ ನಂಟನ್ನು ಅರಿಯುವವರು ವಿರಳ.

ಶಿರಸಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಕುಮಟಾ ತಾಲೂಕಿನ ಘಟ್ಟದ ಕಾಡಿನೊಳಗೆ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಹಾಗೂ 90 ಮೀಟರ್ ಎತ್ತರದ ಮೋಹಿನಿ ಶಿಖರಗಳು ನಿಂತಿವೆ. ಭಸ್ಮಾಸುರನು ಸುಟ್ಟು ಬೂದಿಯಾದ ನೆಲವಾದ್ದರಿಂದ ಇಲ್ಲಿಯ ಮಣ್ಣು ಕಪ್ಪು ಎಂಬುದು ಜನರ ನಂಬಿಕೆ. ವಿಜ್ಞಾನದ ದೃಷ್ಟಿಯಲ್ಲಿ ಇದು ಹರಳುಗಟ್ಟಿದ ಸುಣ್ಣಕಲ್ಲು. ಜಂಬಿಟ್ಟಿಗೆಯ ಈ ಸೀಮೆಯಲ್ಲಿ ಅಪರೂಪದ ಸಂಪತ್ತು.

ಮಳೆನೀರು ಗಾಳಿಯಿಂದಲೂ, ದರಕು ಕೊಳೆಯುವ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ಕಣಕಣವಾಗಿ ಕರಗಿಸುತ್ತದೆ. ಬಿರುಕು ಸಾವಿರಾರು ವರ್ಷಗಳಲ್ಲಿ ಗವಿಯಾಗುತ್ತದೆ. ದಾಂಡೇಲಿ ಕಾಡಿನ ಕವಳಾ ಗವಿಯ ಲಿಂಗವೂ ತೊಟ್ಟಿಕ್ಕುವ ನೀರು ಬಿಟ್ಟುಹೋದ ಸುಣ್ಣದಿಂದಲೇ ಬೆಳೆದದ್ದು.

ಇಲ್ಲೊಂದು ಅಪಾಯವೂ ಅಡಗಿದೆ. ಮಣ್ಣಿನಲ್ಲಿ ಇಳಿಯುವ ನೀರು ನಿಧಾನವಾಗಿ ಸೋಸಿಹೋಗುತ್ತದೆ. ಸುಣ್ಣಕಲ್ಲಿನ ಬಿರುಕಿಗೆ ಬಿದ್ದ ನೀರು ಸೋಸದೆಯೇ ಓಡುತ್ತದೆ. ಸೋಸುವ ಕೆಲಸವೆಲ್ಲ ಮೇಲಿನ ದರಕು, ಬೇರು, ಮಣ್ಣುಗಳದ್ದು. ಆ ಹೊದಿಕೆ ಹರಿದರೆ, ಶಿಖರದ ಬುಡದಲ್ಲಿ ಚೆಲ್ಲಿದ ಕೊಳೆ ಚಂಡಿ ಹೊಳೆಯ ಮೂಲಕ ಅಘನಾಶಿನಿಯನ್ನು ಸೇರಲು ತಡವಿಲ್ಲ. ಶಿರಸಿಯ ನೆಲದಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆತಿದೆ. ಅಲ್ಲಿಯ ಚಿಪ್ಪಿಕಲ್ಲುಗಳು ನೀರಿನೊಳಗಿನ ಸುಣ್ಣದಿಂದಲೇ ಚಿಪ್ಪು ಕಟ್ಟುತ್ತವೆ; ಅವನ್ನು ಆಯ್ದು ಬದುಕುವ ಕುಟುಂಬಗಳೂ ಅಲ್ಲಿವೆ.

ಘಟ್ಟದ ನೆಲಕ್ಕೆ ಸಹನೆಯ ಮಿತಿಯಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಗಳು ಹೋದವು. ಅಲ್ಲಿಯ ಕಲ್ಲು ಬೇರೆ. ಗುಡ್ಡವನ್ನು ಕೆಣಕುವ ಮೊದಲು ಅದರ ನೀರಿನ ದಾರಿಯನ್ನು ತಿಳಿಯಬೇಕೆಂಬ ಪಾಠ ಯಾಣಕ್ಕೂ ಸಲ್ಲುತ್ತದೆ.

ಆದ್ದರಿಂದ ಶಿಖರಗಳ ಸುತ್ತ ಹೊಸ ಕಟ್ಟಡ, ರಸ್ತೆ ಅಗಲೀಕರಣ ಸಲ್ಲದು. ಪ್ರವಾಸಿಗರು ಒಯ್ದ ಪ್ಲಾಸ್ಟಿಕ್ ಅವರೊಂದಿಗೇ ಹಿಂದಿರುಗಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾದ ಪಂಚಾಯಿತಿ ಸಮಿತಿಗಳು ತಮ್ಮ ದಾಖಲೆಯಲ್ಲಿ ಗವಿ, ಒರತೆ, ಹಳ್ಳಗಳನ್ನೂ ಬರೆದಿಡಲಿ. ಕೃಷಿಕರು ಸೊಪ್ಪಿನ ಬೆಟ್ಟದ ದರಕನ್ನು ಪೂರ್ತಿ ಗುಡಿಸದೆ ಒಂದು ಪಾಲನ್ನು ನೆಲಕ್ಕೇ ಉಳಿಸಲಿ. ವಿದ್ಯಾರ್ಥಿಗಳು ಪ್ರತಿವರ್ಷ ಏಪ್ರಿಲ್‌-ಮೇ ತಿಂಗಳಲ್ಲಿ ತಮ್ಮೂರ ಹಳ್ಳದ ನೀರನ್ನು ಅಳೆದು ಬರೆದಿಡಲಿ. ನಾಳೆ ಯಾವುದೇ ಯೋಜನೆ ಬಂದಾಗ ಊರಿನ ಪರವಾಗಿ ಮಾತನಾಡುವುದು ಆ ಲೆಕ್ಕವೇ.