ಇಪ್ಪತ್ತು ಡಾಲರ್ ನೋಟಿನ ಸರೋವರ

ಮಕ್ಕಳೇ, ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಮೊರೇನ್ ಸರೋವರ ಆ ದೇಶದ 1969 ಮತ್ತು 1979ರ ಸರಣಿಯ ಇಪ್ಪತ್ತು ಡಾಲರ್ ನೋಟಿನ ಹಿಂಬದಿಯಲ್ಲಿತ್ತು. ನೋಟು ಎಣಿಸಿಯೇ ಬದುಕಿದ ನನಗೆ ಅದೇ ಮೊದಲು ನೆನಪಾಗುತ್ತದೆ! ಆದರೆ ನೀರಿನ ಆ ಹಸಿರುನೀಲಿ ಯಾವ ನೋಟಿಗೂ ಬಂದಿಲ್ಲ.

ಅದು ಕಲ್ಲಿನ ಹಿಟ್ಟಿನ ಬಣ್ಣ. ಬೆಟ್ಟದ ಹಿಮನದಿ ಜಾರುತ್ತಾ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತದೆ. ಆ ನುಣ್ಣನೆ ಪುಡಿ ಕರಗಿದ ನೀರಿನೊಡನೆ ಇಳಿದು ಸರೋವರದಲ್ಲಿ ತೇಲುತ್ತದೆ. ಬಿಸಿಲು ಬಿದ್ದರೆ ಹಸಿರುನೀಲಿ ಹೊಳೆಯುತ್ತದೆ.

ಪಕ್ಕದ ಯೋಹೋ ಉದ್ಯಾನದ ಟಾಕಕಾ ಜಲಪಾತದ ಎತ್ತರ 373 ಮೀಟರ್. ನಮ್ಮ ಜೋಗ 253 ಮೀಟರ್, ಮಳೆ ಬಂದರೆ ಭೋರ್ಗರೆತ. ಟಾಕಕಾಗೆ ಬೇಸಿಗೆಯೇ ಸುಗ್ಗಿ, ಏಕೆಂದರೆ ಅದಕ್ಕೂ ಹಿಮನದಿಯದೇ ನೀರು.

ಆ ಹಿಮನದಿಗಳು ಈಗ ಕುಗ್ಗುತ್ತಿವೆ. ಅವು ಪೂರ್ತಿ ಕರಗಿದರೆ ಹಿಟ್ಟು ಬರುವುದಿಲ್ಲ, ಬಣ್ಣವೂ ಮಾಸುತ್ತದೆ. ಅಲ್ಲಿಗೆ ಹೋಗುವ ಅಜ್ಜ-ಅಜ್ಜಿಯರು ಜುಲೈ ಆರಿಸಿಕೊಳ್ಳಿ. 2023ರಿಂದ ಮೊರೇನ್‌ಗೆ ಸ್ವಂತ ಕಾರು ಬಿಡುತ್ತಿಲ್ಲ. ಬಸ್ಸಿನ ಸೀಟು ಮೊದಲೇ ಕಾದಿರಿಸಿ.